ಎರಡು ಹೇಮಾವತಿ

ತುಮಕೂರು ಕಡೆ ‘ಹೇಮಾವತಿ ಬಂತಾ?’ ಎಂದು ಯಾರಾದರೂ ಕೇಳಿದರೆ ಅದು ನದಿಯ ನೀರಿನ ಮಾತು. ಗೊರೂರು ಅಣೆಕಟ್ಟಿನಿಂದ ಹೊರಟ ನಾಲೆ ತಮ್ಮ ಕೆರೆ ಮುಟ್ಟಿತೇ ಎಂಬ ಆತಂಕ. ಗಡಿ ದಾಟಿ ಆಂಧ್ರದ ಮಡಕಶಿರಾ ಸೀಮೆಯಲ್ಲಿ ಇದೇ ಹೆಸರು ಹೇಳಿದರೆ ಅಮರಾಪುರದ ಹತ್ತಿರದ ಊರೊಂದನ್ನು ತೋರಿಸುತ್ತಾರೆ. ಅಲ್ಲಿ ಆ ನದಿಯ ಸುಳಿವಿಲ್ಲ. ಹಳೆಯ ಶಿವಾಲಯಗಳಿವೆ, ಸಿದ್ಧೇಶ್ವರ ಗುಡಿಯಲ್ಲಂತೂ ಶಿವ ಲಿಂಗವಾಗಿರದೆ ಮನುಷ್ಯರೂಪದಲ್ಲಿ ಕೂತಿದ್ದಾನೆ.

ಶಾಸನಗಳಲ್ಲಿ ಈ ಊರಿನ ಹೆಸರು ಪೆಂಜೇರು, ಹೆಂಜೇರು. ಪಾಲು ಹಾಲಾದಂತೆ ಪೆಂಜೇರು ಹೆಂಜೇರಾಯಿತು. ನೊಳಂಬರ ರಾಜಧಾನಿ ಇದು. ಆ ಅರಸರು ತಮ್ಮನ್ನು ಪಲ್ಲವರೆಂದೂ ಕರೆದುಕೊಂಡರು. ಕಂಚಿಯ ದೊಡ್ಡ ಹೆಸರು ಇಲ್ಲಿಯ ಕೆಂಪು ನೆಲಕ್ಕೆ ಬಂದದ್ದು ಹಾಗೆ.

ನನ್ನನ್ನು ಕಾಡುವುದು ಮುಂದಿನ ಕಥೆ. ಹತ್ತನೆಯ ಶತಮಾನದಲ್ಲಿ ಗಂಗರ ಮಾರಸಿಂಹ ‘ನೊಳಂಬಕುಲಾಂತಕ’ ಎಂಬ ಬಿರುದು ಧರಿಸಿದ. ಕುಲವನ್ನೇ ಮುಗಿಸಿದೆನೆಂದವನ ಬಿರುದಿನಲ್ಲೇ ಕುಲದ ಹೆಸರು ಕೂತಿತು. ಮುಂದಿನ ಶತಮಾನದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ತಮ್ಮ ಜಯಸಿಂಹ ‘ನೊಳಂಬ ಪಲ್ಲವ ಪೆರ್ಮಾನಡಿ’ ಎನಿಸಿಕೊಂಡ. ಹೊಯ್ಸಳ ವಿಷ್ಣುವರ್ಧನ ‘ನೊಳಂಬವಾಡಿಗೊಂಡ’ನಾದ. ಅಷ್ಟರಲ್ಲಿ ಹೆಸರು ನೆಲಕ್ಕಿಳಿದಿತ್ತು: ನೊಳಂಬವಾಡಿ 32000. ಈ ಸೀಮೆ ಆಳಬೇಕಾದವನಿಗೆ ಸತ್ತ ವಂಶದ ಹೆಸರಿನ ಹಂಗು ತಪ್ಪಲಿಲ್ಲ.

ನೆಲದಿಂದ ಅದು ಜನಕ್ಕೆ ದಾಟಿತು. ತುಮಕೂರು, ಹಾಸನ ಸೀಮೆಯ ನೊಣಬರ ಹೆಸರನ್ನು ವಿದ್ವಾಂಸರು ನೊಳಂಬಕ್ಕೇ ಜೋಡಿಸುತ್ತಾರೆ. ಅರಸರ ಬಾಯಿಯ ಶಬ್ದ ರೈತರ ಬಾಯಲ್ಲಿ ಸವೆದು ನಯವಾಗಿದೆ. ಸೊನ್ನಲಿಗೆಯ ಸಿದ್ಧರಾಮನನ್ನು ಗುರುವೆಂದು ನೆನೆಯುವ ಈ ಜನರಿಗೆ ಹೆಂಜೇರಿನ ಸಿಂಹಾಸನದ ಗೊಡವೆಯೇನೂ ಇರಬೇಕಿಲ್ಲ, ಹೆಸರಷ್ಟೇ ಉಳಿದಿದೆ.

ಈ ಸೀಮೆಯಲ್ಲಿ ಜೋಡಿ ಹೆಸರು ಹೇಮಾವತಿಯೊಂದೇ ಅಲ್ಲ. ಮಡಕಶಿರಾ ಪಕ್ಕದಲ್ಲೊಂದು ಗುಡಿಬಂಡೆ, ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಇನ್ನೊಂದು. ರಾಯದುರ್ಗದ ಪಾಡು ಇನ್ನೂ ನೋವಿನದು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿದಾಗ ಅದು ಆಂಧ್ರಕ್ಕೆ ಹೋಯಿತು. ಇಂದು ಆ ಹೆಸರು ಕೇಳಿದ ಹುಡುಗರಿಗೆ ನೆನಪಾಗುವುದು ಹೈದರಾಬಾದಿನ ಮೆಟ್ರೋ ನಿಲ್ದಾಣ. ಬೆಟ್ಟದ ಮೇಲಿನ ಕೋಟೆಯಲ್ಲ. 2022ರಲ್ಲಿ ಅನಂತಪುರ ಜಿಲ್ಲೆ ಒಡೆದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ನಿಂತಿತು. ಗಡಿಗಳು ಸರಿದರೂ ಕನ್ನಡದ ಮನೆಮಾತು ಎರಡೂ ಕಡೆ ಇದೆ.

ತಿಪಟೂರಿನ ನೊಣಬ ರೈತನ ತೆಂಗಿಗೆ ನೀರು ಬರುವುದು ಒಂದು ಹೇಮಾವತಿಯಿಂದ, ಅವನ ಕುಲಕ್ಕೆ ಹೆಸರು ಬಂದದ್ದು ಇನ್ನೊಂದು ಹೇಮಾವತಿಯಿಂದ. ಶಿರಾದಿಂದ ಅಮರಾಪುರದ ದಾರಿ ಹಿಡಿದರೆ ಬೆಳಿಗ್ಗೆ ಹೋಗಿ ಸಂಜೆಯೊಳಗೆ ಬರಬಹುದು.