ಇರುಳಿನ ಸಂದೇಶವಾಹಕ: ಪೀನಿಯಲ್ ಗ್ರಂಥಿಯ ಚರಿತ್ರೆ



ಮೆದುಳಿನ ನಟ್ಟನಡುವೆ ಹುದುಗಿರುವ ಪೀನಿಯಲ್ ಗ್ರಂಥಿಯು ಗಾತ್ರದಲ್ಲಿ ಅಕ್ಕಿಯ ಕಾಳಿನಷ್ಟು. ಪೈನ್ ಮರದ ಕಾಯಿಯ ಆಕಾರವಿರುವುದರಿಂದ ಅದಕ್ಕೆ ಈ ಹೆಸರು ಬಂದಿತು. ಇಷ್ಟು ಕಿರಿದಾದ ಅಂಗವನ್ನು ಕುರಿತು ಇಷ್ಟು ಹಿರಿದಾದ ಊಹೆಗಳು ಹುಟ್ಟಿದುದು ವೈದ್ಯಶಾಸ್ತ್ರದಲ್ಲಿ ವಿರಳ.

ಅದು ಪ್ರಾಣವಾಯುವಿನ ಸಂಚಾರವನ್ನು ನಿಯಂತ್ರಿಸುವ ಕದವೆಂಬ ಮತವನ್ನು ಎರಡನೆಯ ಶತಮಾನದ ವೈದ್ಯ ಗ್ಯಾಲೆನನು ಖಂಡಿಸಿ, ಅದು ರಕ್ತನಾಳಗಳಿಗೆ ಆಸರೆಯಾದ ಗ್ರಂಥಿಯೆಂದನು. ಆದರೆ ಫ್ರಾನ್ಸಿನ ತತ್ತ್ವಜ್ಞಾನಿ ದೆಕಾರ್ತನು 1649ರಲ್ಲಿ ಅದನ್ನೇ ಆತ್ಮದ ಮುಖ್ಯ ನೆಲೆಯೆಂದು ಸಾರಿದನು. ಮೆದುಳಿನ ಇತರ ಭಾಗಗಳು ಜೋಡಿಯಾಗಿವೆ, ಇದು ಮಾತ್ರ ಒಂಟಿ ಎಂಬುದು ಅವನ ತರ್ಕ. 1665ರಲ್ಲಿ ಅಂಗರಚನಾಶಾಸ್ತ್ರಜ್ಞ ಸ್ಟೆನೋ ಪ್ಯಾರಿಸಿನಲ್ಲಿ ಉಪನ್ಯಾಸ ಮಾಡಿ, ದೆಕಾರ್ತನು ಹೇಳಿದಂತೆ ಆ ಗ್ರಂಥಿ ಅತ್ತಿತ್ತ ಚಲಿಸಲಾರದೆಂದು ತೋರಿಸಿದನು. ತರ್ಕವೆಷ್ಟೇ ಸೊಗಸಾಗಿದ್ದರೂ ಪ್ರತ್ಯಕ್ಷ ಪರೀಕ್ಷೆಯ ಮುಂದೆ ಅದು ತಲೆಬಾಗಲೇಬೇಕಷ್ಟೆ!

ಮುಂದಿನ ಸುಳಿವು ಕಪ್ಪೆಯ ಮರಿಗಳಿಂದ ದೊರೆಯಿತು. ದನಗಳ ಪೀನಿಯಲ್ ಸಾರವನ್ನು ತಿನ್ನಿಸಿದಾಗ ಆ ಮರಿಗಳ ಚರ್ಮ ಬಿಳಿಚುವುದನ್ನು 1917ರಲ್ಲಿ ಮೆಕಾರ್ಡ್ ಮತ್ತು ಆಲೆನ್ ಕಂಡರು. ಆ ಜಾಡನ್ನೇ ಹಿಡಿದ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಏರನ್ ಲರ್ನರ್ ಮತ್ತು ಸಂಗಡಿಗರು 1958ರಲ್ಲಿ ಮೆಲಟೋನಿನ್ ಎಂಬ ಚೋದಕವನ್ನು ಬೇರ್ಪಡಿಸಿದರು. ಇದು ಇರುಳಿನಲ್ಲಿ ಹೆಚ್ಚಿ ಬೆಳಗಾಗುತ್ತಲೇ ಇಳಿಯುವುದು.

ಇನ್ನು ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳ ವಿಷಯ. ಅವು ಕೆಟ್ಟರೆ ಜೀವವೇ ಉಳಿಯದೆಂಬುದನ್ನು ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ ಬರೆದನು. ಅವುಗಳಿಂದ ಒಸರುವ ಕಾರ್ಟಿಸಾಲ್ ನಡುರಾತ್ರಿಯ ಸುಮಾರಿಗೆ ಅತಿ ಕಡಿಮೆಯಿದ್ದು, ನಾವು ಏಳುವ ವೇಳೆಗೆ ಶಿಖರಕ್ಕೇರುತ್ತದೆ. ಒಂದು ಏರಿದಾಗ ಇನ್ನೊಂದು ಇಳಿಯುವುದನ್ನು ಕಂಡು, ಪೀನಿಯಲ್ಲೇ ಅಡ್ರಿನಲ್ಲಿನ ಒಡೆಯನೆಂದು ತಾವು ಭಾವಿಸಬಹುದು. ಸತ್ಯ ಸ್ವಲ್ಪ ಬೇರೆ.

1972ರಲ್ಲಿ ಮೂರ್ ಮತ್ತು ಐಕ್ಲರ್ ಎಂಬವರು, ಕಣ್ಣಿನ ನರಗಳು ಕೂಡುವ ಎಡೆಯ ಮೇಲಿರುವ ಒಂದು ಪುಟ್ಟ ನರಕೇಂದ್ರವನ್ನು ಇಲಿಗಳಲ್ಲಿ ನಾಶಗೊಳಿಸಿದಾಗ ಅಡ್ರಿನಲ್ ಸ್ರಾವದ ದೈನಂದಿನ ಏರಿಳಿತವೇ ಅಳಿಸಿಹೋಯಿತು. ಅದೇ ವರ್ಷ ಸ್ಟೀಫನ್ ಮತ್ತು ಜುಕರ್ ಇಲಿಗಳ ಓಡಾಟ, ನೀರು ಕುಡಿಯುವಿಕೆಗಳ ಲಯವೂ ಹಾಗೆಯೇ ಕೆಡುವುದನ್ನು ಕಂಡರು. ಹೀಗೆ ದೇಹದ ಮುಖ್ಯ ಗಡಿಯಾರ ಆ ನರಕೇಂದ್ರವೆಂದಾಯಿತು. ಪೀನಿಯಲ್ ಅದರ ಆಣತಿಯಂತೆ ಕತ್ತಲೆಯ ಸುದ್ದಿಯನ್ನು ಮೈಯೆಲ್ಲಕ್ಕೂ ಮುಟ್ಟಿಸುವ ದೂತ. ದೂತನ ಮಾತಿಗೂ ಬೆಲೆಯುಂಟು: ಮೆಲಟೋನಿನ್ ಕಾರ್ಟಿಸಾಲಿನ ಉತ್ಪತ್ತಿಯನ್ನು ತಗ್ಗಿಸುವುದು ಕಪೂಚಿನ್ ಮಂಗಗಳ ಅಡ್ರಿನಲ್ ಅಂಗಾಂಶದಲ್ಲಿ 2003ರಲ್ಲಿ ಕಂಡುಬಂದಿತು.

ಈ ಗ್ರಂಥಿಯನ್ನು ಮೂರನೆಯ ಕಣ್ಣೆಂದು ಕರೆಯುವವರುಂಟು. ಕೆಲವು ಹಲ್ಲಿಜಾತಿಯ ಪ್ರಾಣಿಗಳಲ್ಲಿ ಇದರ ನೆರೆಯ ಅಂಗವೊಂದು ಬೆಳಕನ್ನು ಗ್ರಹಿಸುವುದು ನಿಜ. ಆದರೆ ಮನುಷ್ಯನಲ್ಲಿ ಇದು ತಾನಾಗಿ ನೋಡದು. ಹಗಲಿರುಳಿನ ವಾರ್ತೆ ಇದಕ್ಕೆ ಕಣ್ಣುಗಳ ಮೂಲಕವೇ ಬರಬೇಕು. ಇರುಳಿನ ಪ್ರಖರ ದೀಪವು ಮನುಷ್ಯರ ಮೆಲಟೋನಿನ್ನನ್ನು ತಡೆಯುವುದೆಂದು 1980ರಲ್ಲಿ ಲ್ಯೂಯಿ ಮತ್ತು ಸಂಗಡಿಗರು ತೋರಿಸಿದರು. ದೇಹದ ಲಯವನ್ನು ಕೆಡಿಸುವ ಪಾಳಿಯ ದುಡಿಮೆಯು ಬಹುಶಃ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2007ರಲ್ಲಿ ವರ್ಗೀಕರಿಸಿತು.

ಆದುದರಿಂದ ವಾಚಕರೇ, ಇರುಳನ್ನು ಇರುಳಾಗಿ ಉಳಿಸಿಕೊಳ್ಳುವುದು ಆರೋಗ್ಯದ ಒಂದು ಭಾಗ. ನಮಗಾಗಿ ರಾತ್ರಿಯೆಲ್ಲ ಎಚ್ಚರವಿರುವ ದಾದಿಯರು, ಕಾವಲುಗಾರರು, ಗಿರಣಿಯ ಕಾರ್ಮಿಕರು ಹಗಲಿನಲ್ಲಿ ಮಲಗಿದ್ದಾಗ ಅವರ ಕೋಣೆಯ ಕತ್ತಲೆಯನ್ನೂ ಮನೆಯ ಮೌನವನ್ನೂ ಕಾಯುವುದು ಉಳಿದವರ ಹೊಣೆ.