ನುಂಗಂಬಾಕ್ಕದ ಮಳೆಮಾಪಕವೂ ಮೀನುಗಾರರ ದೋಣಿಯೂ

ಮದರಾಸಿನ ನುಂಗಂಬಾಕ್ಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು 1792ರಲ್ಲಿ ಕಟ್ಟಿಸಿದ ವೀಕ್ಷಣಾಲಯವು ನಕ್ಷತ್ರಗಳ ಸಲುವಾಗಿ ಹುಟ್ಟಿದ್ದೇ ಹೊರತು ಮಳೆಗಾಳಿಗಳ ಸಲುವಾಗಿ ಅಲ್ಲ. ಆದರೂ 1796ರಿಂದ ಅಲ್ಲಿ ಹವೆಯ ಲೆಕ್ಕವೂ ದಾಖಲಾಗತೊಡಗಿತು. ಆ ದಫ್ತರಗಳಲ್ಲಿ ಶೇಖರವಾದ ಜ್ಞಾನವು ಕಡಲ ಮೇಲಿರುವ ಅಂಬಿಗನನ್ನು ತಲುಪುವ ದಾರಿ ಮಾತ್ರ ಬಹುಕಾಲ ತೆರೆಯಲಿಲ್ಲ. ಕಟ್ಟಿ ಮುಗಿಯುತ್ತ ಬಂದಿದ್ದ ಮದರಾಸು ಬಂದರಿನ ಅಲೆತಡೆಗಳನ್ನು 1881ರ ನವೆಂಬರಿನ ಚಂಡಮಾರುತವು ಭಗ್ನಗೊಳಿಸಿತು. ಅಂಥ ಬಿರುಗಾಳಿಯ ಎಚ್ಚರಿಕೆ ಕೊಡಲು ಬಂದರುಗಳಲ್ಲಿ ರೂಢಿಗೆ ಬಂದ ಸಂಕೇತಗಳು, ಹಗಲಿನಲ್ಲಿ ಕಂಬಕ್ಕೇರಿಸುವ ಶಂಕು ಮತ್ತು ಉರುಳೆಯ ಆಕೃತಿಗಳು, ರಾತ್ರಿ ಕೆಂಪು ಬಿಳಿಯ ದೀಪಗಳು, ವಿಜ್ಞಾನಿಯ ಮಾತನ್ನು ಅಕ್ಷರವರಿಯದವನ ಕಣ್ಣಿಗೂ ನಿಲುಕಿಸಿದ ಮೊದಲ ಲಿಪಿಯೆಂದು ನಾನು ಭಾವಿಸುತ್ತೇನೆ. ಒಂದರಿಂದ ಹನ್ನೊಂದರವರೆಗಿನ ಆ ಸಂಕೇತಗಳ ಸಂಖ್ಯೆಗಳು ನಮ್ಮ ಮಂಗಳೂರಿನ ಮೀನುಗಾರರಿಗೂ ಅಪರಿಚಿತವಲ್ಲ.

1945ರಲ್ಲಿ ಪ್ರಾದೇಶಿಕ ಹವಾಮಾನ ಕೇಂದ್ರವೂ, 1973ರಲ್ಲಿ ಚಂಡಮಾರುತ ಶೋಧಕ ರಾಡಾರೂ, 2002ರಲ್ಲಿ ಡಾಪ್ಲರ್ ರಾಡಾರೂ ಮದರಾಸಿನಲ್ಲಿ ಸ್ಥಾಪಿತವಾದುವು. ಗಾಳಿ ಎಲ್ಲಿದೆಯೆಂಬುದು ದಿನೇ ದಿನೇ ನಿಚ್ಚಳವಾಗುತ್ತ ಬಂದಿತಾದರೂ, ಯಾರು ಯಾವ ಗಳಿಗೆಯಲ್ಲಿ ಮನೆ ಬಿಟ್ಟೇಳಬೇಕೆಂಬುದು ಮಸುಕಾಗಿಯೇ ಉಳಿಯಿತು.

ಈ ಅಂತರವು ಎಷ್ಟು ಘೋರವಾದುದೆಂಬುದನ್ನು 2004ರ ಡಿಸೆಂಬರ್ 26 ತೋರಿಸಿತು. ಬೆಳಗಿನ ಆರೂವರೆಯ ಸುಮಾರಿಗೆ ಸುಮಾತ್ರದ ಬಳಿ ಭೂಮಿ ಕಂಪಿಸಿ, ಎರಡೂವರೆ ತಾಸಿನ ಮೇಲೆ ಅಲೆಗಳು ಮರೀನಾ ತೀರಕ್ಕೆ ಬಂದಪ್ಪಳಿಸುವವರೆಗೆ, ಮರಳಿನಲ್ಲಿ ನಡೆದಾಡುತ್ತಿದ್ದವರಿಗೆ ಒಂದು ಮಾತೂ ತಲುಪಲಿಲ್ಲ. ಅದೇ ಬೆಳಗು ಪುದುಚೇರಿಯ ನಲ್ಲವಾಡು ಎಂಬ ಬೆಸ್ತರ ಹಳ್ಳಿಯಲ್ಲಿ ನಡೆದುದನ್ನು ಇಲ್ಲಿ ಹೇಳಲೇಬೇಕು. ಚೆನ್ನೈನ ತರಮಣಿಯಲ್ಲಿರುವ ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನವು ಆ ಹಳ್ಳಿಯಲ್ಲೊಂದು ಜ್ಞಾನಕೇಂದ್ರವನ್ನು ತೆರೆದು, ಅಲೆಯ ಎತ್ತರ ಮೊದಲಾದ ವಾರ್ತೆಗಳನ್ನು ಧ್ವನಿವರ್ಧಕದಲ್ಲಿ ಸಾರುವ ಏರ್ಪಾಡು ಮಾಡಿತ್ತು. ಸಿಂಗಪುರದಲ್ಲಿ ದುಡಿಯುತ್ತಿದ್ದ ಊರಿನ ಮಗನೊಬ್ಬನು ದೂರದರ್ಶನದಲ್ಲಿ ಸುದ್ದಿ ಕಂಡು ಮನೆಗೆ ಫೋನು ಮಾಡಲು, ಊರವರು ಕೇಂದ್ರದ ಬಾಗಿಲನ್ನು ಒಡೆದು ಒಳನುಗ್ಗಿ, ಅದೇ ಧ್ವನಿವರ್ಧಕದಲ್ಲಿ ಕೂಗಿ ಹೇಳಿ, ಅಲೆ ಬರುವ ಮೊದಲೇ ಹಳ್ಳಿಯನ್ನು ತೆರವು ಮಾಡಿದರು. ಆ ಧ್ವನಿಗೆ ಜನ ಒಡನೆಯೇ ಓಗೊಟ್ಟದ್ದು, ನಿತ್ಯವೂ ಅದು ಅವರಿಗೆ ಉಪಯುಕ್ತವಾದ ಮಾತನ್ನೇ ಆಡಿ ನಂಬಿಕೆ ಗಳಿಸಿಕೊಂಡಿದ್ದರಿಂದ.

ತರುವಾಯದ ವರ್ಷಗಳಲ್ಲಿ ಕಾರ್ಯ ತ್ವರಿತವಾಯಿತು. 2005ರಲ್ಲಿ ವಿಪತ್ತು ನಿರ್ವಹಣಾ ಕಾಯಿದೆ ಬಂದಿತು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ತುಕಡಿಯೊಂದು ಅರಕ್ಕೋಣದಲ್ಲಿ ನೆಲೆಗೊಂಡಿತು. 2007ರ ಅಕ್ಟೋಬರಿನಲ್ಲಿ ಹೈದರಾಬಾದಿನ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವು ಕೆಲಸಕ್ಕೆ ತೊಡಗಿತು. ಸಮುದ್ರತಳದಲ್ಲಿ ಕುಳಿತು ನೀರಿನ ಒತ್ತಡವನ್ನಳೆಯುವ ಯಂತ್ರವು ಶಬ್ದತರಂಗದ ಮೂಲಕ ಮೇಲೆ ತೇಲುವ ಬುರುಡೆಗೂ, ಅದು ಉಪಗ್ರಹಕ್ಕೂ ವಾರ್ತೆ ಮುಟ್ಟಿಸುವ ಈ ವ್ಯವಸ್ಥೆಯಲ್ಲಿ ಪಳ್ಳಿಕರಣೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಪಾತ್ರ ದೊಡ್ಡದು.

ಆದರೆ ಮುಂದಿನ ಆಪತ್ತು ಕಡಲಿನಿಂದ ಬಾರದೆ ಕೆರೆಯ ಕಡೆಯಿಂದ ಬಂದಿತು. 2015ರ ಡಿಸೆಂಬರ್ 1ರ ಮಳೆಗೆ ಚೆಂಬರಂಬಾಕ್ಕಂ ಜಲಾಶಯದಿಂದ ಸೆಕೆಂಡಿಗೆ 29,000 ಘನ ಅಡಿಯಷ್ಟು ನೀರನ್ನು ಬಿಡಲಾಯಿತು, ಅಡಯಾರು ನದಿ ಉಕ್ಕಿತು. ಮಹಾಲೇಖಪಾಲರ ವರದಿಯು ಅದನ್ನು ಮಾನವನಿರ್ಮಿತ ವಿಪತ್ತೆಂದು ಕರೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಪಿ. ಮುಜುಂದಾರರೂ ಮದರಾಸು, ಮುಂಬಯಿ ಐಐಟಿಗಳ ವಿದ್ವಾಂಸರೂ ಕೂಡಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಾದರೋ ಜಲಾಶಯದ ಹೊರಗಿನ ಕೆರೆ ಬಯಲುಗಳಿಂದ ಹರಿದುಬಂದ ನೀರಿನ ಪಾಲನ್ನು ಮುಂದಿಟ್ಟಿತು. ಈ ವಿವಾದಕ್ಕಿಂತಲೂ ನನ್ನನ್ನು ಕಾಡುವುದು ಬೇರೊಂದು ಸಂಗತಿ. ತೂಬಿನ ಬಳಿಯ ಅಧಿಕಾರಿಗೆ 29,000 ಎಂಬ ಅಂಕಿ ಗೊತ್ತಿತ್ತು. ಆದರೆ ನದಿಯ ದಡದ ಕೋಟೂರುಪುರದಲ್ಲಿ ಮಗುವನ್ನು ಮಲಗಿಸಿದ್ದ ತಾಯಿಗೆ ಬೇಕಾಗಿದ್ದುದು, ನಡುರಾತ್ರಿ ತನ್ನ ಮೆಟ್ಟಿಲಿನಲ್ಲಿ ನೀರು ಎಷ್ಟನೆಯ ಹಂತಕ್ಕೇರುವುದೆಂಬ ಉತ್ತರ. ಆ ಅಂಕಿಯನ್ನು ಈ ಉತ್ತರವಾಗಿ ಮಾರ್ಪಡಿಸುವವರು ಆಗ ಯಾರೂ ಇರಲಿಲ್ಲ. ಕೊನೆಗೆ ಅಗ್ನಿಶಾಮಕದವರ ಜತೆಗೆ ಕಡಲ ಮೀನುಗಾರರು ತಮ್ಮ ದೋಣಿಗಳನ್ನು ಬೀದಿಗಿಳಿಸಿ ಜನರನ್ನು ಮಹಡಿಗಳಿಂದ ಇಳಿಸಿಕೊಂಡರು.

ಆ ಉತ್ತರದ ಅನ್ವೇಷಣೆಯೇ ಈಚಿನ ಅಧ್ಯಾಯ. ಪಳ್ಳಿಕರಣೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು ಐಐಟಿಗಳನ್ನೂ ಅಣ್ಣಾ ವಿಶ್ವವಿದ್ಯಾಲಯವನ್ನೂ ಕೂಡಿಕೊಂಡು ರೂಪಿಸಿದ 'ಸಿ-ಫ್ಲೋಸ್' ವ್ಯವಸ್ಥೆಯು ಮಳೆ, ನದಿ, ಉಬ್ಬರ ಮೂರನ್ನೂ ಒಟ್ಟಿಗೆ ಗಣಿಸುತ್ತದೆ. ಏಕೆಂದರೆ ಉಬ್ಬರದ ವೇಳೆ ಸಮುದ್ರವು ಅಡಯಾರಿನ ಬಾಯನ್ನು ತಡೆದು ನಿಲ್ಲಿಸಿದರೆ ಅದೇ ಮಳೆಯು ಬೇರೆಯೇ ಬಗೆಯ ಪ್ರವಾಹವಾಗುತ್ತದೆ. ರಾಜ್ಯದ ವಿಪತ್ತು ನಿರ್ವಹಣಾ ಪ್ರಾಧಿಕಾರವು 2018ರಲ್ಲಿ 'ಟಿಎನ್-ಸ್ಮಾರ್ಟ್' ಎಂಬ ಆ್ಯಪ್ ಮೂಲಕ ಎಚ್ಚರಿಕೆಯನ್ನು ಜನರ ಅಂಗೈಗೇ ತಂದಿತು. ಬೆಂಗಳೂರಿನಲ್ಲಿ 1988ರಲ್ಲಿ ಬರಗಾಲದ ಮೇಲ್ವಿಚಾರಣೆಗೆಂದು ಹುಟ್ಟಿದ ಘಟಕವು ಬೆಳೆದು, ವಿಜ್ಞಾನ ಸಂಸ್ಥೆಯೊಡನೆ ಕೂಡಿ ನಗರ ಪ್ರವಾಹಕ್ಕಾಗಿ 'ಮೇಘ ಸಂದೇಶ'ವನ್ನು ರೂಪಿಸಿದ್ದೂ ಇದೇ ಬಗೆಯ ಪ್ರಯತ್ನ.

ಆದರೂ 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತವು ತೀರದಾಚೆ ಮಂದಗತಿಯಿಂದ ಸಾಗಿದಾಗ ಚೆನ್ನೈನ ವೇಳಚೇರಿಯಲ್ಲಿ ಮತ್ತೆ ದೋಣಿಗಳು ತೇಲಿದುವು. ಪ್ರವಾಹದ ನಕ್ಷೆಗಳು ತಯಾರಾಗುವ ಪಳ್ಳಿಕರಣೈನಲ್ಲೇ, ಒಂದು ಕಾಲಕ್ಕೆ ನಗರದ ದಕ್ಷಿಣ ಭಾಗದ ಮಳೆನೀರನ್ನೆಲ್ಲ ಹೀರಿಕೊಳ್ಳುತ್ತಿದ್ದ ಜೌಗು ಕಿರಿದಾಗುತ್ತ ಬಂದಿರುವಾಗ, ಲೆಕ್ಕ ಎಷ್ಟು ಸರಿಯಿದ್ದರೂ ನೀರು ನಿಲ್ಲುವುದಕ್ಕೆ ಎಡೆಯೆಲ್ಲಿ? ಮರುವರ್ಷದ ಅಕ್ಟೋಬರಿನಲ್ಲಿ ಕೆಂಪು ಎಚ್ಚರಿಕೆ ಹೊರಟೊಡನೆ ವೇಳಚೇರಿಯ ಜನ ಯಾರ ಅಪ್ಪಣೆಗೂ ಕಾಯದೆ ತಮ್ಮ ಕಾರುಗಳನ್ನು ಮೇಲ್ಸೇತುವೆಗೇರಿಸಿ, ಒಂದರ ಹಿಂದೊಂದರಂತೆ ಸಾಲಾಗಿ ನಿಲ್ಲಿಸಿ, ಕೆಳಗಿಳಿದು ನಡೆದು ಮನೆ ಸೇರಿದರು.