ಟೈಬೀರಿಯಸ್ ಮಾಡದ ಕಾನೂನು

ಜೀವನ್ ಬಿಮಾ ನಗರಕ್ಕೂ ರೋಮ್ ಸಾಮ್ರಾಜ್ಯಕ್ಕೂ ಏನ್ರೀ ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ, ಅದೂ ನಮ್ಮ ಮಗ್ಗುಲಲ್ಲೇ. ಪಕ್ಕದ ಎಚ್‌ಎಎಲ್ ಪ್ರದೇಶದ ಮಣ್ಣಿನಲ್ಲಿ ರೋಮನ್ ನಾಣ್ಯಗಳು ಸಿಕ್ಕಿವೆ. ಯಶವಂತಪುರದಲ್ಲಿ 1891ರಲ್ಲೇ ಸಿಕ್ಕಿದ್ದವು. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಕಾಲದವು. ಹತ್ತಿರ ಹತ್ತಿರ 2000 ವರ್ಷ ಹಳೆಯ ದುಡ್ಡು.

ಆ ಟೈಬೀರಿಯಸ್‌ನ ಒಂದು ಪ್ರಸಂಗ ಹೇಳ್ತೀನಿ ಕೇಳಿ. ಕ್ರಿ.ಶ. 22ನೇ ಇಸವಿ. ರೋಮಿನ ಶ್ರೀಮಂತರ ದುಂದುವೆಚ್ಚ ಮಿತಿ ಮೀರಿತ್ತು. ಊಟದ ಖರ್ಚಿಗೂ ಅಲ್ಲಿ ಕಾನೂನಿನ ಮಿತಿ ಇತ್ತು, ಆದರೆ ಯಾರೂ ಕೇರ್ ಮಾಡ್ತಿರಲಿಲ್ಲ. ಏನು ಮಾಡಬೇಕು ಅನ್ನೋದನ್ನ ಸೆನೆಟ್ ಚಕ್ರವರ್ತಿಯ ತಲೆಗೇ ಕಟ್ಟಿತು.

ಟೈಬೀರಿಯಸ್ ಪತ್ರ ಬರೆದ. ಅದನ್ನು ದಾಖಲಿಸಿದವನು ಇತಿಹಾಸಕಾರ ಟ್ಯಾಸಿಟಸ್. ಹೆಂಗಸರ ರತ್ನಗಳ ಹುಚ್ಚಿಗೆ ನಮ್ಮ ದುಡ್ಡು ಪರದೇಶಕ್ಕೆ ಹರಿದುಹೋಗ್ತಿದೆ ಎಂದು ಗೊಣಗಿದ. ಆದರೂ ಹೊಸ ಕಾನೂನು ಬೇಡ ಎಂದ. ಕಾರಣ? ನಿಷೇಧ ಇಲ್ಲದಾಗ, ಎಲ್ಲಿ ನಿಷೇಧ ಬರುತ್ತೋ ಎಂಬ ಅಳುಕಾದರೂ ಇರುತ್ತದೆ. ನಿಷೇಧವನ್ನೇ ಮುರಿದು ದಕ್ಕಿಸಿಕೊಂಡ ಮೇಲೆ ಭಯವೂ ಇಲ್ಲ, ನಾಚಿಕೆಯೂ ಇಲ್ಲ.

ಟೈಬೀರಿಯಸ್ ಸಾಧುವೇನಲ್ಲ. ರಾಜದ್ರೋಹದ ಕಾನೂನಿಗೆ ಅವನ ಆಳ್ವಿಕೆಯಲ್ಲಿ ಎಷ್ಟೋ ಜನ ಬಲಿಯಾದರು. ತನಗೆ ಬೇಕಾದ ಕಾನೂನಿಗೆ ಹಲ್ಲು ಹೇಗೆ ಬರುತ್ತದೆ ಅಂತ ಅವನಿಗೆ ಗೊತ್ತಿತ್ತು! ಆದರೆ ಮನುಷ್ಯನ ಸ್ವಭಾವದ ಬಗ್ಗೆ ಅವನು ಹೇಳಿದ್ದು ಸುಳ್ಳಲ್ಲ.

ನಮ್ಮನ್ನೇ ನೋಡಿಕೊಳ್ಳಿ. ವರದಕ್ಷಿಣೆ ನಿಷೇಧ ಕಾಯ್ದೆ ಬಂದಿದ್ದು 1961ರಲ್ಲಿ. ಇವತ್ತಿಗೂ ಮಾತುಕತೆ ನಿಂತಿಲ್ಲ, "ನಾವೇನೂ ಕೇಳಲ್ಲ, ನಿಮ್ಮ ಮಗಳಿಗೆ ನೀವು ಕೊಡೋದು" ಅಂತ ಮಾತಿನ ವರಸೆ ಬದಲಾಗಿದೆ ಅಷ್ಟೇ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕವರ್ ನಿಷೇಧವಾಗಿದ್ದು 2016ರಲ್ಲಿ. ಸೊಪ್ಪು ಇವತ್ತೂ ಅದೇ ಕವರ್‌ನಲ್ಲಿ ಮನೆಗೆ ಬರುತ್ತೆ. ಕಾಯ್ದೆ ಬೇಡ ಅಂತ ನಾನು ಹೇಳ್ತಿಲ್ಲ. ಕಾಯ್ದೆ ಇಲ್ಲದಿದ್ದರೆ ನೊಂದ ಹೆಣ್ಣುಮಗಳು ಹೋಗೋದಾದರೂ ಎಲ್ಲಿಗೆ? ಜಾರಿ ಮಾಡುವ ಮನಸ್ಸಿಲ್ಲದೆ ಬರೆದ ಕಾಯ್ದೆ ಮುರಿಯೋದನ್ನೇ ರೂಢಿ ಮಾಡಿಸುತ್ತದೆ, ನನ್ನ ತಕರಾರು ಅದು.

ನಾನು ಓದಿದ್ದು ಎಂಜಿನಿಯರಿಂಗ್. ಯಂತ್ರ ಕೆಟ್ಟರೆ ರಿಪೇರಿ ಹೇಗಾಯ್ತು ಅಂತ ಕೇಳೋ ಚಾಳಿ. ರೋಮ್ ರಿಪೇರಿಯಾಯ್ತಾ? ಸ್ವಲ್ಪ ಮಟ್ಟಿಗೆ ಆಯ್ತು. ಸುಮಾರು 50 ವರ್ಷದ ನಂತರ ಆ ದುಂದು ಇಳಿಯಿತು. ಆಡಂಬರ ಮಾಡಿದ ದೊಡ್ಡ ಮನೆತನಗಳು ಮುಳುಗಿದ್ದು ಒಂದು ಕಾರಣ. ಊರುಗಳಿಂದ ಬಂದ ಹೊಸಬರು ಉಳಿತಾಯದ ಅಭ್ಯಾಸ ಬಿಡದೇ ಇದ್ದಿದ್ದು ಇನ್ನೊಂದು. ಎಲ್ಲಕ್ಕಿಂತ ದೊಡ್ಡ ಕಾರಣ ವೆಸ್ಪಾಸಿಯನ್ ಅನ್ನುತ್ತಾನೆ ಟ್ಯಾಸಿಟಸ್. ದೊಡ್ಡ ವಂಶದವನಲ್ಲದ ಆ ಚಕ್ರವರ್ತಿ ಹಳೇ ಕಾಲದವರ ಹಾಗೆ ಸರಳವಾಗಿ ಉಂಡ, ಉಟ್ಟ. ದಂಡಕ್ಕೆ ಬಗ್ಗದ ಜನ ಅವನಂತೆ ಕಾಣಿಸಿಕೊಳ್ಳುವ ಆಸೆಗೆ ಬಗ್ಗಿದರು.

ಯಥಾ ರಾಜಾ ತಥಾ ಪ್ರಜಾ ಅಂತ ನಾವೂ ಹೇಳ್ತೀವಿ. ಆದರೆ ಪ್ರಜಾಪ್ರಭುತ್ವದಲ್ಲಿ ರಾಜ ಯಾರು? ಮುಂದಿನ ಮದುವೆ ಮಾತುಕತೆಯಲ್ಲಿ "ನಮಗೆ ಏನೂ ಬೇಡ" ಅಂತ ಹೇಳಿ, ನಿಜವಾಗಿಯೂ ಏನೂ ತಗೊಳ್ಳದೆ ಎದ್ದು ಬರುವ ಗಂಡಿನ ಅಪ್ಪನೇ ರಾಜ.